ದಂಡ ಕಟ್ಟಿದ ಮೇಲಿನ ಕೆಲಸ

ಅಮೆರಿಕದ ಒಂದು ಸಣ್ಣ ಫೋನ್ ಕಂಪನಿಯ ಗ್ರಾಹಕರ ದೂರುಗಳನ್ನು ನೋಡುವ ತಂಡದಲ್ಲಿ ನಾನಿದ್ದೇನೆ. ಆಫೀಸು ಬೆಂಗಳೂರಿನದು. ಕೂರುವುದು ಮಾತ್ರ ದಾವಣಗೆರೆಯ ವಿದ್ಯಾನಗರದಲ್ಲಿ, ನಮ್ಮ ಮನೆ ಮಹಡಿ ಮೇಲೆ. ಅವರ ಬೆಳಗು ನಮ್ಮ ಸಂಜೆ. ಹಾಗಾಗಿ ಕೆಳಗೆ ಅಪ್ಪ ಊಟಕ್ಕೆ ಕೂತಾಗ ಮೇಲೆ ನನ್ನ ಮೀಟಿಂಗ್ ಶುರುವಾಗಿರುತ್ತದೆ.

ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯಿಂದ ಕಂಪನಿಗೆ ವಿಚಾರಣೆಯ ಪತ್ರ ಬಂದಿತ್ತು. ಕೆಲವು ಗ್ರಾಹಕರ ಕಾಲ್ ಲಿಸ್ಟ್ ಬೇರೆಯವರ ಕೈಗೆ ಹೋಗಿದೆ, ವಿವರ ಕೊಡಿ ಅಂತ. ಒಂದು ಮೇಲ್ ಕೂಡ ಅಳಿಸಬಾರದು ಎಂದು ಆ ದಿನವೇ ವಕೀಲರು ತಾಕೀತು ಮಾಡಿದರು. ಹಳೇ ಕರೆಗಳ ರೆಕಾರ್ಡಿಂಗ್ ಕೇಳುವ ಕೆಲಸ ನಮ್ಮ ಪಾಲಿಗೆ ಬಂತು.

ಅಲ್ಲಿ ನಿಯಮ ಸ್ಪಷ್ಟವಾಗಿದೆ. ಯಾರಾದರೂ ಫೋನ್ ಮಾಡಿ ಕಾಲ್ ಲಿಸ್ಟ್ ಕೇಳಿದರೆ ಪಾಸ್‌ವರ್ಡ್ ಹೇಳಬೇಕು. ಗೊತ್ತಿಲ್ಲ ಅಂದರೆ ಪಟ್ಟಿಯನ್ನು ದಾಖಲೆಯಲ್ಲಿರುವ ವಿಳಾಸಕ್ಕೆ ಕಳಿಸಬೇಕು, ಇಲ್ಲವೇ ದಾಖಲೆಯಲ್ಲಿರುವ ನಂಬರಿಗೆ ನಾವೇ ತಿರುಗಿ ಕರೆ ಮಾಡಬೇಕು. ಹುಟ್ಟಿದ ದಿನಾಂಕ ಸಾಲದು. ಹುಟ್ಟಿದ ದಿನ ಹೆಂಡತಿಗೆ ಗೊತ್ತು, ಬಾಮೈದನಿಗೆ ಗೊತ್ತು, ಜಗಳವಾಡಿ ಬಿಟ್ಟುಹೋದ ಪಾಲುದಾರನಿಗೂ ಗೊತ್ತು. ಈ ಬಿಗಿ ಸುಮ್ನೆ ಬಂದದ್ದಲ್ಲ. ಎಚ್‌ಪಿ ಕಂಪನಿಯ ಆಡಳಿತ ಮಂಡಳಿಯ ಸುದ್ದಿ ಹೊರಗೆ ಹೋಗುತ್ತಿತ್ತು. ಯಾರು ಹೇಳುತ್ತಿದ್ದಾರೆಂದು ಹುಡುಕಲು ಹೋದ ಪತ್ತೇದಾರರು ನಿರ್ದೇಶಕರ, ಪತ್ರಕರ್ತರ ಹೆಸರು ಹೇಳಿಕೊಂಡು ಅವರ ಕಾಲ್ ಲಿಸ್ಟ್ ತೆಗೆಸಿದ್ದರು. ಅದು ಬಯಲಾಗಿದ್ದು 2006ರಲ್ಲಿ. ಮರುವರ್ಷವೇ ಎಫ್‌ಸಿಸಿ ಪಾಸ್‌ವರ್ಡ್ ನಿಯಮ ತಂದಿತು.

ನಾವು ಕೇಳಿದ ರೆಕಾರ್ಡಿಂಗ್‌ಗಳಲ್ಲಿ ಕಳ್ಳರ ಗತ್ತು ಏನೂ ಇರಲಿಲ್ಲ. ಒಬ್ಬ ಹೆಂಗಸು ಮೆಲ್ಲಗೆ ಮಾತಾಡುತ್ತಾಳೆ, ಪಾಸ್‌ವರ್ಡ್ ಮರೆತೆ ಅಂತಾಳೆ. ಕಾಲ್ ಸೆಂಟರಿನ ಹುಡುಗನಿಗೆ ಪಾಪ ಅನಿಸುತ್ತದೆ. ಸಾಲಿನಲ್ಲಿ ಇನ್ನೂ ಜನ ಕಾಯುತ್ತಿದ್ದಾರೆ. ಹುಟ್ಟಿದ ದಿನಾಂಕ ಕೇಳಿ, ಗಂಡನ ಒಂದು ತಿಂಗಳ ಕರೆಗಳನ್ನು ಓದಿ ಹೇಳಿಬಿಡುತ್ತಾನೆ. ಹುಡುಗ ಕೆಟ್ಟವನಲ್ಲ. ಒಂದು ಕರೆಗೆ ಇಷ್ಟೇ ನಿಮಿಷ ಎಂದು ಅವನ ತಲೆ ಮೇಲೆ ಗಡಿಯಾರ ಇಟ್ಟವರು ಕಂಪನಿಯವರು. ನನಗೆ ಸಿಟ್ಟು ಬಂದದ್ದು ಅವರ ಮೇಲೆ.

ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆದು ಕೊನೆಗೆ ಎಫ್‌ಸಿಸಿ ಜೊತೆ ರಾಜಿ ಆಯಿತು. ಆ ಸಂಜೆ ವಕೀಲರು ಆದೇಶ ಓದಿದರು. ದಂಡದ ಮಾತು ಒಂದು ಪ್ಯಾರಾದಲ್ಲಿ ಮುಗಿಯಿತು. ಉಳಿದದ್ದೆಲ್ಲ ಕೆಲಸದ ಪಟ್ಟಿ. ನಿಯಮ ಪಾಲನೆಗೆ ಒಬ್ಬ ಜವಾಬ್ದಾರಿ ಅಧಿಕಾರಿ, ಹೊಸ ಕೈಪಿಡಿ, ಪ್ರತಿಯೊಬ್ಬರಿಗೂ ತರಬೇತಿ, ಮತ್ತೆ ಎಡವಿದರೆ ನಾವೇ ಹೋಗಿ ಹೇಳಬೇಕಾದ ಗಡುವು, ಮೂರು ವರ್ಷ ವರದಿ.

ಊಟಕ್ಕೆ ಇಳಿದಾಗ ಅಪ್ಪ ಇನ್ನೂ ಎದ್ದಿದ್ದರು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವರು, ವ್ಯಾಜ್ಯ ಅಂದರೆ ಕಿವಿ ನೆಟ್ಟಗಾಗುತ್ತದೆ.

"ಏನವ್ವಾ, ಮುಗೀತಾ ನಿಮ್ಮ ಕೇಸು?"

"ರಾಜಿ ಆತಪ್ಪ. ದಂಡ ಕಟ್ತಾರೆ."

"ಯಾರಿಗೆ?"

"ಅಲ್ಲಿನ ಸರ್ಕಾರದ ಖಜಾನೆಗೆ."

"ಲಿಸ್ಟ್ ಹೋತಲ್ಲ, ಅವರಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಆದೇಶದಲ್ಲಿ ಅವರಿಗೆ ಅಂತ ಏನೂ ಇರಲಿಲ್ಲ. ಎಲ್ಲ ರಾಜಿಗಳೂ ಹೀಗೇ ಅಂತಲ್ಲ. ಕೇಳದ ಸೇವೆಗಳಿಗೆ ಬಿಲ್ಲಿನಲ್ಲಿ ದುಡ್ಡು ಸೇರಿಸಿದ್ದಕ್ಕೆ 2014ರಲ್ಲಿ ಅಲ್ಲಿನ ದೊಡ್ಡ ಫೋನ್ ಕಂಪನಿ ಎಟಿ ಅಂಡ್ ಟಿ 10.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಾಗ, ಅದರಲ್ಲಿ 8 ಕೋಟಿ ಗ್ರಾಹಕರಿಗೇ ವಾಪಸ್ ಕೊಡಲು ಇಟ್ಟಿದ್ದರು. ಇದನ್ನು ಹೇಳಿದ್ದೇ ತಡ, ಅಪ್ಪನ ಹಳೇ ಗಾಯ ಎದ್ದಿತು.

"ನನ್ನ ಫೋನಿಗೆ ಕಾಲರ್ ಟ್ಯೂನ್ ಹಾಕಿ ತಿಂಗಳಾ ತಿಂಗಳಾ ಕಿತ್ಕಂಡ್ರಲ್ಲ, ಅದನ್ನ ಯಾರ್ ಕೊಟ್ರು?"

ಯಾರೂ ಕೊಡಲಿಲ್ಲ. ಇಂಥ ಸೇವೆ ಶುರು ಮಾಡುವ ಮೊದಲು ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು ಎಂದು ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2013ರಲ್ಲಿ ಆದೇಶ ಮಾಡಿತು. ಅಪ್ಪನ ದುಡ್ಡು ಅದಕ್ಕೂ ಮೊದಲೇ ಹೋಗಿತ್ತು. ನಮ್ಮ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಈಗ ಕಂಪನಿ ತಾನಾಗಿ ತಪ್ಪು ತಿಳಿಸಿ ಮುಚ್ಚಳಿಕೆ ಬರೆದುಕೊಡುವ ದಾರಿ ಇದೆ. ಮುಚ್ಚಳಿಕೆ ಬರೆದವರು ದುಡ್ಡು ವಾಪಸ್ ಕೊಡ್ತಾರಾ ಅಂತ ಅಪ್ಪ ಕೇಳಿದರು. ಅವರ ತಕ್ಕಡಿ ಅದೊಂದೇ.

ನಾನು ಅವರಷ್ಟು ಬೇಸರ ಪಟ್ಟುಕೊಳ್ಳುವುದಿಲ್ಲ. ದಂಡವನ್ನು ಕಂಪನಿ ಖರ್ಚಿಗೆ ಬರೆದು ಮರೆತುಬಿಡಬಹುದು. ವರ್ಷ ವರ್ಷ ವರದಿ ಕೊಡುವುದು ಹಾಗಲ್ಲ. ಆದೇಶ ಬಂದ ಮೇಲೆ ತರಬೇತಿ ಪಾಠ ಬರೆಯಲು ನಮಗೇ ಹೇಳಿದರು. ಮೊದಲ ತರಗತಿಯಲ್ಲೇ ಒಬ್ಬ ಹುಡುಗ ಕೇಳಿದ: "ಅವರು ಅತ್ತರೆ ಏನ್ಮಾಡೋದು ಮೇಡಂ? ತಿರುಗಿ ಕಾಲ್ ಮಾಡೋಕೆ ಹೋದ್ರೆ ನನ್ನ ಟೈಮ್ ಜಾಸ್ತಿ ಆಗುತ್ತೆ. ಮಾರ್ಕ್ಸ್ ಕಟ್ ಆಗುತ್ತೆ." ಆ ಪ್ರಶ್ನೆಯನ್ನು ಇದ್ದ ಹಾಗೇ ಹೊಸ ಅಧಿಕಾರಿಗೆ ಕಳಿಸಿದೆ. ಕಾಲ್ ಲಿಸ್ಟ್ ಕೇಳುವ ಕರೆಗಳಿಗೆ ನಿಮಿಷದ ಲೆಕ್ಕ ತೆಗೆದುಹಾಕಿದ್ದೇವೆ ಎಂದು ಮರುವಾರ ಉತ್ತರ ಬಂತು.