ಇನ್‌ಪುಟ್ ಇಳಿಸದೆ ಅಳೆದ ದಿನ

"ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದೆ ಸರ್, ರಿವೈಂಡ್ ಮಾಡಿಸಬೇಕು." ಮಣಿಪಾಲದ ಒಬ್ಬ ನಿವೃತ್ತ ಮೇಷ್ಟ್ರಿಗೆ ನಾನು ಫೋನಿನಲ್ಲಿ ಹೇಳಿದ ಈ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಕೆಲಸ ಮಂಗಳೂರಿನ ಹಂಪನಕಟ್ಟೆ ಹತ್ತಿರದ ಸರ್ವಿಸ್ ಅಂಗಡಿಯಲ್ಲಿ. ಬಂದದ್ದು ಮೇಷ್ಟ್ರ ಆಂಪ್ಲಿಫೈಯರ್, ಇಎಲ್34 ವಾಲ್ವುಗಳ ಪುಶ್-ಪುಲ್; ಅಂದರೆ ಎರಡು ಕಡೆಯ ವಾಲ್ವುಗಳು ಎದುರುಬದುರಾಗಿ ಕೆಲಸ ಹಂಚಿಕೊಳ್ಳುವಂಥದ್ದು. ಜೋರು ಇಟ್ಟರೆ ಸ್ವರ ಒಡೆಯುತ್ತದೆ ಎಂಬ ದೂರು. ಸ್ಪೀಕರಿನ ಬದಲು 8 ಓಮ್ ಡಮ್ಮಿ ಲೋಡ್, 1 ಕಿಲೋಹರ್ಟ್ಸ್ ಸ್ವರ, 1 ವಾಟ್ (ಅಂದರೆ 2.8 ವೋಲ್ಟ್). ಮೀಟರಿನಲ್ಲಿ ಡಿಸ್ಟಾರ್ಷನ್, ಅಂದರೆ ಸ್ವರ ಕೆಡುವ ಪ್ರಮಾಣ, 0.3%. ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಕಳಿಸಿ ತಪ್ಪು ತಿದ್ದುವ ಫೀಡ್‌ಬ್ಯಾಕ್ ಏನೋ ಮುಚ್ಚಿಟ್ಟಿದೆ ಅಂತ ಅದರ ರೆಸಿಸ್ಟರಿನ ಒಂದು ಕಾಲು ಬಿಡಿಸಿದೆ. ಅಲ್ಲಿಯವರೆಗೆ ತಲೆ ಸರಿಯಾಗೇ ಓಡಿತ್ತು. ಮೀಟರಿನ ಮುಳ್ಳು ಇಪ್ಪತ್ತರ ಹತ್ತಿರ ಹಾರಿತು. ನಾನು ಫೋನಿಗೆ ಹಾರಿದೆ.

ಫೋನ್ ಇಡುವಾಗ ಹಿಂದೆ ಅಣ್ಣ ನಿಂತಿದ್ದರು. ಸ್ಕೋಪ್ ನೋಡಿ, "ಇನ್‌ಪುಟ್ ಇಳಿಸಿದ್ಯಾ ಮಾರಾಯ? ಅಲೆಯ ತಲೆಯೇ ಚಪ್ಪಟೆ ಉಂಟಲ್ಲ!" ಅಂದರು.

ಇಳಿಸಿರಲಿಲ್ಲ. ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಬಿಟ್ಟುಕೊಟ್ಟು ಡಿಸ್ಟಾರ್ಷನ್ ಇಳಿಸಿಕೊಳ್ಳುವ ಫೀಡ್‌ಬ್ಯಾಕಿನ ಈ ವ್ಯಾಪಾರ 1927ರಲ್ಲಿ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್‌ಗೆ ಹೊಳೆದದ್ದು. ವ್ಯಾಪಾರ ಮುರಿದರೆ ಗೇನ್ ವಾಪಸ್ ಬರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. 20 ಡಿಬಿ ಫೀಡ್‌ಬ್ಯಾಕ್ ತೆಗೆದರೆ ಗೇನ್ ಹತ್ತು ಪಟ್ಟು. 2.8 ವೋಲ್ಟ್ ಇದ್ದದ್ದು 28 ಆಗಬೇಕು, ಅಂದರೆ ಸುಮಾರು 100 ವಾಟ್. ಪಾಪ, 35 ವಾಟಿನ ಪೆಟ್ಟಿಗೆ ಎಲ್ಲಿಂದ ತರಬೇಕು? ನಾನು ಅಳೆದದ್ದು ಕ್ಲಿಪ್ಪಿಂಗನ್ನು, ಅಂದರೆ ಶಕ್ತಿ ಸಾಲದೆ ಅಲೆಯ ತಲೆ ಕತ್ತರಿಸಿಹೋದದ್ದನ್ನು.

ಜಾಬ್ ಕಾರ್ಡಿನಲ್ಲಿ ಪರ್ಸೆಂಟ್ ಬರೆಯಲು ಜಾಗ ಉಂಟು, ಎಷ್ಟು ವಾಟಿಗೆ ಅಂತ ಬರೆಯಲು ಇಲ್ಲ. ಎರಡು ವರ್ಷದಿಂದ ಧಣಿಗೆ ಹೇಳುತ್ತಿದ್ದೇನೆ. ಹಳೆಯ ಕಾರ್ಡು ಮುಗಿಯಲಿ ಅಂತಾರೆ.

ಇನ್‌ಪುಟ್ ಇಳಿಸಿ ಮತ್ತೆ 2.8 ವೋಲ್ಟಿಗೆ ತಂದೆವು. ಈಗ 2.9%. ಅಣ್ಣ ತಮ್ಮ ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್ ತೆರೆದರು, ಸ್ವರದಲ್ಲಿ ಯಾವ ಯಾವ ಆವರ್ತನ ಸೇರಿದೆ ಅಂತ ನೋಡಲು. ನಾವು ಕೊಟ್ಟ 1 ಕಿಲೋಹರ್ಟ್ಸ್ ಬಿಟ್ಟರೆ ಅದರ ಎರಡರಷ್ಟು, 2 ಕಿಲೋಹರ್ಟ್ಸ್‌ನಲ್ಲಿ ಒಂದು ಕಂಬ, ಉಳಿದವೆಲ್ಲ ಕುಳ್ಳು. ಪುಶ್-ಪುಲ್ಲಿನಲ್ಲಿ ಎರಡನೇ ಹಾರ್ಮೋನಿಕ್ ಅಷ್ಟು ಎದ್ದರೆ ಎರಡು ಕಡೆ ಸಮ ಇಲ್ಲ ಅಂತ ಅಲ್ವಾ? ವಾಲ್ವಿನ ಕರೆಂಟ್ ಹಿಡಿತದಲ್ಲಿಡುವ ಗ್ರಿಡ್ ನೋಡಿದರೆ ಒಂದರಲ್ಲಿ ಮೈನಸ್ 36 ವೋಲ್ಟ್, ಇನ್ನೊಂದರಲ್ಲಿ ಮೈನಸ್ 31. ಹಿಂದಿನ ಹಂತದ ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡಬೇಕಾದ ಕಪ್ಲಿಂಗ್ ಕೆಪಾಸಿಟರ್ ಲೀಕ್. ಹಳೆಯ ಪೇಪರ್ ಕೆಪಾಸಿಟರ್, ಮೇಲೆ ನಮ್ಮೂರಿನ ಮಳೆಗಾಲ. ಫೀಡ್‌ಬ್ಯಾಕ್ ಇದನ್ನೆಲ್ಲ ಹತ್ತರಲ್ಲಿ ಒಂದು ಪಾಲು ಮಾಡಿ, 0.3 ಅಂತ ತೋರಿಸಿ ಸುಮ್ನೆ ಕೂತಿತ್ತು.

ಎರಡೂ ಕೆಪಾಸಿಟರ್ ಬದಲಿಸಿದೆವು. ಮೇಷ್ಟ್ರಿಗೆ ಫೋನ್ ಮಾಡು ಅಂತ ಅಣ್ಣ ನನ್ನನ್ನೇ ತಳ್ಳಿದರು.

"ಬೆಳಿಗ್ಗೆ ಹನ್ನೊಂದಕ್ಕೆ ಹೋದ ಟ್ರಾನ್ಸ್‌ಫಾರ್ಮರ್ ಒಂದೂವರೆಗೆ ಬದುಕಿತಾ?" ಅಂದರು ಮೇಷ್ಟ್ರು. "ಊಟ ಮಾಡಿ ಬಂದಿರಬೇಕು."