ಇಂಟರ್ನೆಟ್ಟಿನ ಐ ದೊಡ್ಡದೋ ಸಣ್ಣದೋ

ಆಗುಂಬೆ, ತೀರ್ಥಹಳ್ಳಿ, ಸಾಗರದ ಕಡೆಯ ಹೋಂಸ್ಟೇಗಳಿಗೆ ಕರಪತ್ರ ಎರಡು ಭಾಷೆಯಲ್ಲಿ ಬೇಕು. ಕನ್ನಡದ ಪುಟಕ್ಕೆ ದೊಡ್ಡಕ್ಷರ (ಕ್ಯಾಪಿಟಲ್), ಸಣ್ಣಕ್ಷರದ ತಲೆನೋವಿಲ್ಲ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ. ಇಂಗ್ಲಿಷ್ ಪುಟದಲ್ಲಿ ಮಾತ್ರ ಇಂಟರ್ನೆಟ್, ವೆಬ್‌ಸೈಟ್, ಇಮೇಲ್, ಆ್ಯಪ್, ಸೋಲಾರ್ ಹೀಟರ್ ಎಲ್ಲದಕ್ಕೂ ಮೊದಲಕ್ಷರ ದೊಡ್ಡದಾಗಿರುತ್ತದೆ, ಮರ್ಯಾದೆ ಕೊಟ್ಟ ಹಾಗೆ. ಶಿವಮೊಗ್ಗದ ಡಿಟಿಪಿ ಅಂಗಡಿಯಲ್ಲಿ ಪ್ರೂಫ್ ನೋಡುವವರು ಇವಿಷ್ಟನ್ನೂ ಧೈರ್ಯವಾಗಿ ಸಣ್ಣದು ಮಾಡಬಹುದು.

ಪದ ಕಂಡಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಹೆಸರಿಗೆ ಒಡೆಯರಿದ್ದಾರೆಯೇ? ಇಲ್ಲವೇ ಲೋಕಕ್ಕೆಲ್ಲ ಇದು ಒಂದೇ ಇದೆಯೇ? ಎರಡೂ ಅಲ್ಲದಿದ್ದರೆ ಸಣ್ಣಕ್ಷರ.

ತಕರಾರು ಎದ್ದದ್ದು ಇಂಟರ್ನೆಟ್ಟಿನ ಬಗ್ಗೆ. ಹಲವು ನೆಟ್‌ವರ್ಕ್‌ಗಳನ್ನು ಬೆಸೆದ ಯಾವುದೇ ಜಾಲಕ್ಕೆ ಎಂಜಿನಿಯರುಗಳು ಸಣ್ಣ ಐ ಬರೆಯುತ್ತಿದ್ದರು, ನಾವೆಲ್ಲ ಬಳಸುವ ಆ ಒಂದು ಜಾಲಕ್ಕೆ ದೊಡ್ಡ ಐ. ವೈರ್ಡ್ ನ್ಯೂಸ್ ಜಾಲತಾಣ 2004ರಲ್ಲೇ ಸಣ್ಣದಕ್ಕೆ ಇಳಿಯಿತು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2016ರ ಜೂನ್ 1ರಿಂದ ಇಂಟರ್ನೆಟ್, ವೆಬ್ ಎರಡನ್ನೂ ಇಳಿಸಿತು, 2017ರಲ್ಲಿ ಇಂಗ್ಲಿಷ್ ಬರಹದ ಕಟ್ಟಳೆ ಹೇಳುವ ಶಿಕಾಗೋ ಕೈಪಿಡಿಯೂ ಇಂಟರ್ನೆಟ್ಟನ್ನು ಸಣ್ಣದಾಗಿಸಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ನೆಟ್‌ವರ್ಕಿಂಗ್ ಬಗ್ಗೆ ಪ್ರಬಂಧ ಬರೆಯುವವರಿಗೆ ಹಳೆಯ ಭೇದ ಇನ್ನೂ ಉಪಯೋಗದ್ದು, ಅವರು ದೊಡ್ಡ ಐ ಉಳಿಸಿಕೊಳ್ಳಲಿ. ಕರಪತ್ರಕ್ಕೆ ಅದು ಬೇಡ. ವರ್ಲ್ಡ್ ವೈಡ್ ವೆಬ್ ಎಂದು ಪೂರ್ತಿ ಬರೆದಾಗ ಮಾತ್ರ ಮೂರೂ ದೊಡ್ಡವು.

ವೈ-ಫೈ ಸಾಮಾನ್ಯ ಪದದಂತೆ ಕಂಡರೂ ವೈ-ಫೈ ಅಲಯನ್ಸ್‌ನ ಟ್ರೇಡ್‌ಮಾರ್ಕ್. ಡಬ್ಲ್ಯು ದೊಡ್ಡದು, ಎಫ್ ದೊಡ್ಡದು, ನಡುವೆ ಅಡ್ಡಗೆರೆ. ಬ್ಲೂಟೂತ್, ಲಿನಕ್ಸ್, ಆಂಡ್ರಾಯ್ಡ್ ಕೂಡ ದೊಡ್ಡವೇ. ಐಫೋನಿನದು ಬೇರೆ ರಗಳೆ, ಅದರ ಹೆಸರಿನಲ್ಲೇ ಐ ಸಣ್ಣದು, ಪಿ ದೊಡ್ಡದು. ವಾಕ್ಯ ಅದರಿಂದಲೇ ಶುರುವಾದರೆ ಅಸೋಸಿಯೇಟೆಡ್ ಪ್ರೆಸ್ ಐ ಅನ್ನು ದೊಡ್ಡದು ಮಾಡು ಎನ್ನುತ್ತದೆ, ಶಿಕಾಗೋ ಹಾಗೇ ಬಿಡು ಎನ್ನುತ್ತದೆ. ವಾಕ್ಯವನ್ನೇ ತಿರುಗಿಸಿ ಬರೆದರೆ ಇಬ್ಬರ ಗೊಡವೆಯೂ ಇಲ್ಲ.

ಇಷ್ಟೂ ರೂಢಿಯ ಮಾತು, ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಅಳತೆಯ ಚಿಹ್ನೆಗಳಲ್ಲಿ ಹಾಗಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಇಲ್ಲಿ ದೊಡ್ಡ ಎಂ ಬದಲು ಸಣ್ಣ ಎಂ ಬಿದ್ದರೆ ಅದು ಮಿಲಿವ್ಯಾಟ್, ಲೆಕ್ಕ ನೂರು ಕೋಟಿ ಪಟ್ಟು ಕುಸಿದು ಇಡೀ ಶರಾವತಿ ಹತ್ತಿರ ಹತ್ತಿರ ಒಂದು ವ್ಯಾಟಿಗೆ ಬರುತ್ತದೆ! ಕರೆಂಟ್ ಬಿಲ್ಲಿನ ಯೂನಿಟ್ ಅಂದರೆ ಕಿಲೋವ್ಯಾಟ್ ಅವರ್. ಚಿಹ್ನೆಯಲ್ಲಿ ಕೆ ಸಣ್ಣದು, ಡಬ್ಲ್ಯು ದೊಡ್ಡದು, ಎಚ್ ಸಣ್ಣದು. ದೊಡ್ಡ ಕೆ ಎಂದರೆ ಕೆಲ್ವಿನ್, ಅದು ಉಷ್ಣತೆಯ ಮಾನ. ಡಬ್ಲ್ಯು ದೊಡ್ಡದಾದದ್ದು ಜೇಮ್ಸ್ ವ್ಯಾಟ್ ಹೆಸರಿನಿಂದ. ಆದರೂ ಮಾನದ ಹೆಸರನ್ನು ಪೂರ್ತಿ ಬರೆಯುವಾಗ ವಾಕ್ಯದ ನಡುವೆ ಅದು ಸಣ್ಣದೇ. ವೋಲ್ಟ್, ಹರ್ಟ್ಸ್‌ಗೂ ಇದೇ ಕಟ್ಟಳೆ.

ಬ್ರಾಡ್‌ಬ್ಯಾಂಡ್ ವೇಗದಲ್ಲಿ ಸಣ್ಣ ಬಿ ಬಿಟ್, ದೊಡ್ಡ ಬಿ ಬೈಟ್. ಬೈಟಿಗೆ ಎಂಟು ಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕದಲ್ಲಿ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ಕರಪತ್ರದಲ್ಲಿ ದೊಡ್ಡ ಬಿ ಹಾಕಿದರೆ ಎಂಟು ಪಟ್ಟು ವೇಗದ ಆಸೆ ತೋರಿಸಿದಂತಾಯಿತು, ಅದೂ ಮಲೆನಾಡಿನಲ್ಲಿ.

ಇನ್ನು ಕಡತ ತಿದ್ದುವಾಗಿನ ಎಡವಟ್ಟುಗಳು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಕನ್ನಡ ಇದ್ದರೆ ಇಡೀ ಪುಟ ಆಯ್ದು ವರ್ಡ್‌ನ ಚೇಂಜ್ ಕೇಸ್ (ದೊಡ್ಡಕ್ಷರ ಸಣ್ಣಕ್ಷರ ಬದಲಿಸುವ ಗುಂಡಿ) ಒತ್ತಲೇಬೇಡಿ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವಾದ್ದರಿಂದ ಕನ್ನಡ ಕಲಸುಮೇಲೋಗರವಾಗುತ್ತದೆ. ಆಟೋಕರೆಕ್ಟ್‌ನಲ್ಲಿ ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವ ಗುರುತನ್ನೂ ತೆಗೆಯಿರಿ. ಯೂನಿಕೋಡ್ ಕನ್ನಡಕ್ಕೆ ಈ ಭಯವಿಲ್ಲ. ಹುಡುಕಿ ಬದಲಿಸುವಾಗ ದೊಡ್ಡದು ಸಣ್ಣದು ಬೇರೆ ಎಂದು ನೋಡುವ ಮ್ಯಾಚ್ ಕೇಸ್ ಆನ್ ಇರಲಿ, ಒಂದೊಂದೇ ನೋಡಿ ಬದಲಿಸಿ.

ಪೋಸ್ಟರಿನ ಅಂದಕ್ಕೆಂದು ವೆಬ್ ವಿಳಾಸವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕುವುದುಂಟು. ಡೊಮೈನ್ ಹೆಸರಿನ ಮಟ್ಟಿಗೆ ಅಡ್ಡಿಯಿಲ್ಲ. ಅದರ ಮುಂದಿನ ಓರೆಗೆರೆಯ ಆಚೆ ಇರುವ ಭಾಗದಲ್ಲಿ ಹಲವು ಸರ್ವರುಗಳು ದೊಡ್ಡದು ಸಣ್ಣದು ಬೇರೆ ಬೇರೆ ಎಂದೇ ಎಣಿಸುತ್ತವೆ. ಬುಕಿಂಗ್ ಫಾರ್ಮಿನ ಕಿರು ಕೊಂಡಿಯಂತೂ ತೆರೆಯದೇ ಹೋಗಬಹುದು. ಮೂಲದಲ್ಲಿದ್ದಂತೆಯೇ ಅಂಟಿಸಿ, ಮುದ್ರಣದ ಪ್ಲೇಟಿಗೆ ಕಳಿಸುವ ಮೊದಲು ಪ್ರೂಫಿನಲ್ಲಿರುವುದನ್ನು ನೋಡಿಕೊಂಡು ಮೊಬೈಲಿನಲ್ಲಿ ಒಮ್ಮೆ ಟೈಪ್ ಮಾಡಿ ತೆರೆಯಿರಿ.