ಬೂಷ್ಟು ಹಿಡಿದ ಸಿ.ಐ.ಡಿ. 999

ಜೂನ್, ಎರಡನೇ ಭಾನುವಾರ

ಆಲ್ದೂರಿನ ಹಳೇ ಮನೆಯ ಅಟ್ಟದಿಂದ ಇಳಿಸಿದ ಟ್ರಂಕ್‌ನಲ್ಲಿ 22 ವಿಡಿಯೊ ಕ್ಯಾಸೆಟ್ ಸಿಕ್ಕಿವೆ. ಅಡುಗೆಮನೆಯ ಹೊಗೆ ಅಟ್ಟದಲ್ಲಿ ಇಟ್ಟಿದ್ದರೆ ಮಸಿಯಾಗುತ್ತಿದ್ದವೇನೋ, ಬೂಷ್ಟಂತೂ ಹಿಡಿಯುತ್ತಿರಲಿಲ್ಲ. ಇಟ್ಟಿದ್ದು ಹಿಂದಿನ ಕೋಣೆಯ ಮೇಲೆ. ಮೂವತ್ತು ಮಳೆಗಾಲ ಅಲ್ಲೇ ಕಳೆದಿವೆ. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಇಣುಕಿದರೆ ಕರಿ ಟೇಪಿನ ಅಂಚಿನಲ್ಲಿ ಬಿಳಿ ಎಳೆ ಎಳೆ. ಉಪ್ಪು ಕಮ್ಮಿಯಾದ ಉಪ್ಪಿನಕಾಯಿ ಜಾಡಿ ನೋಡಿದ ಹಾಗೆ.

ನಾನು ಹುಡುಕುತ್ತಿದ್ದದ್ದು ಒಂದೇ ಒಂದನ್ನು. ಅದೂ ಇತ್ತು. ಲೇಬಲ್ ಮೇಲೆ ಬಾಲ್ ಪೆನ್ನಿನಲ್ಲಿ ಅಪ್ಪನ ಅಕ್ಷರ: 'ಡೈಮಂಡ್ ರಾಕೆಟ್. ಅಳಿಸಬೇಡಿ.' ಬರೆದಿದ್ದು ಸಾಲದು ಅಂತ ಹಿಂದಿನ ಅಂಚಿನ ಪ್ಲಾಸ್ಟಿಕ್ ಚೂರನ್ನೂ ಮುರಿದು ಹಾಕಿದ್ದಾರೆ. ಅದನ್ನು ಮುರಿದರೆ ಆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಅಣ್ಣ ಬೇರೆ ಕಡೆ ಕ್ರಿಕೆಟ್ ಮ್ಯಾಚ್ ಹಿಡಿಯಲು ಕಂಡ ಕಂಡ ಕ್ಯಾಸೆಟ್ಟೆಲ್ಲ ಒಯ್ಯುತ್ತಿದ್ದ. ಇದು ಅವನಿಗೆ ಹಾಕಿದ ಬೇಲಿ.

ಯೋಜನೆ ಸರಳ. ರಾಜ್‌ಕುಮಾರ್ ಗೂಢಚಾರ ಸಿ.ಐ.ಡಿ. 999 ಆಗಿ ಬರುವ 'ಆಪರೇಷನ್ ಡೈಮಂಡ್ ರಾಕೆಟ್' ಸಿನಿಮಾದ ಆ ಟೇಪನ್ನು ಕಂಪ್ಯೂಟರಿಗೆ ಇಳಿಸಬೇಕು, ಅಪ್ಪನಿಗೆ ಟಿವಿಯಲ್ಲಿ ಹಾಕಿ ತೋರಿಸಬೇಕು. "ಮೊಬೈಲಲ್ಲೇ ಸಿಗುತ್ತಲ್ಲ, ಯಾಕೆ ಒದ್ದಾಡ್ತೀಯ?" ಅಂತ ಅತ್ತಿಗೆ ಕೇಳಿದರು. ಸಿಗುತ್ತೆ, ಇದಕ್ಕಿಂತ ಚೆನ್ನಾಗಿರುವ ಪ್ರತಿಯೇ ಸಿಗುತ್ತೆ. ಆದರೆ ನಾವು ನೋಡಿದ್ದು ಇದನ್ನು. ಕೆಳಗೆ ಜಾಹೀರಾತಿನ ಅಕ್ಷರ ಓಡುವ, ಕೆಂಪು ಬಣ್ಣ ಆಚೀಚೆ ಸೋರುವ, ಕಾಪಿಯ ಕಾಪಿಯನ್ನು.

ಜೂನ್, ಮೂರನೇ ವಾರ

ಹೊರಗೆ ಬಿಡದ ಮಳೆ. ಟೇಪ್ ಒಣಗಲಿ ಅಂತ ಗಾಳಿ ಹೋಗದ ಅಕ್ಕಿ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟಿದ್ದೇನೆ. ಬೂಷ್ಟು ಹಸಿ ಇರುವಾಗ ಒರೆಸಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಒಣಗಿದರೆ ಪುಡಿಯಾಗಿ ಉದುರುತ್ತದೆ. ಹಾಗೇ ತೆಗೆದುಕೊಂಡು ಹೋಗಿ ಮೆಷಿನ್‌ಗೆ ತುರುಕಿದರಂತೂ ಮುಗಿಯಿತು, ಒಂದು ಟೇಪಿನ ಬೂಷ್ಟು ಇಪ್ಪತ್ತೆರಡಕ್ಕೂ ಹಂಚಿಕೆಯಾಗುತ್ತದೆ.

ಕಾಯುವ ಹೊತ್ತಿನಲ್ಲಿ ಸಿನಿಮಾದ ಬಗ್ಗೆ ಸ್ವಲ್ಪ. ಸಿ.ಐ.ಡಿ. 999 ಆಗಿ ರಾಜ್‌ಕುಮಾರ್ ನಾಲ್ಕು ಸಲ ಬಂದರು. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಆಮೇಲೆ ಒಂಬತ್ತು ವರ್ಷ ಸುದ್ದಿಯೇ ಇಲ್ಲ. 1978ರಲ್ಲಿ ಈ ಡೈಮಂಡ್ ರಾಕೆಟ್. ನಾಲ್ಕೂ ದೊರೈ-ಭಗವಾನ್ ಜೋಡಿಯವು. 'ಕಸ್ತೂರಿ ನಿವಾಸ', 'ಎರಡು ಕನಸು' ಮಾಡಿ ಮನೆಮಂದಿಯನ್ನೆಲ್ಲ ಅಳಿಸಿದ ಅದೇ ಇಬ್ಬರು ಕೋಟು, ಪಿಸ್ತೂಲು, ಸ್ಮಗ್ಲರ್ ಅಂತಲೂ ಓಡಾಡಿದ್ದಾರೆ ಅಂದರೆ ನನಗೆ ಈಗಲೂ ಸೋಜಿಗ.

ಮೊದಲಿನ ಮೂರಕ್ಕೂ ಇದಕ್ಕೂ ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬಣ್ಣ ಅಲ್ಲ, ದನಿ. ಅರವತ್ತರ ದಶಕದಲ್ಲಿ ರಾಜ್‌ಗೆ ಹಾಡಿನ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ಅಣ್ಣಾವ್ರು ತಾವೇ ಹಾಡಲು ಶುರು ಮಾಡಿದರು. ಹಾಗಾಗಿ ಸಿ.ಐ.ಡಿ. 999 ತನ್ನದೇ ಗಂಟಲಲ್ಲಿ ಹಾಡಿದ್ದು ಇದರಲ್ಲಿ ಮಾತ್ರ. ಅದೂ ಇಂಗ್ಲಿಷ್ ಹಾಡು! 'ಇಫ್ ಯು ಕಮ್ ಟುಡೇ'. ಸಂಗೀತ ಜಿ.ಕೆ. ವೆಂಕಟೇಶ್. ಆಗ ರಾಜ್‌ಗೆ ಹತ್ತಿರ ಹತ್ತಿರ ಐವತ್ತು. ಅದೇ ವರ್ಷ 'ಶಂಕರ್ ಗುರು'ವಿನಲ್ಲಿ ಮೂರು ಪಾತ್ರ ಬೇರೆ.

ನಮ್ಮೂರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಬೆರಳೆಣಿಕೆ. ಈ ಹಾಡು ಮಾತ್ರ ಎಲ್ಲರಿಗೂ ಬರುತ್ತಿತ್ತು. ಕಾಫಿ ಕುಯ್ಲಿಗೆ ಬರುತ್ತಿದ್ದ ಹೆಂಗಸರೂ 'ಟಿಕ್ ಟಿಕ್' ಅಂತ ಹೇಳಿಕೊಂಡು ಬುಟ್ಟಿ ತುಂಬುತ್ತಿದ್ದರು.

ಜುಲೈ, ಮೊದಲ ವಾರ

ಎರಡು ಸಂಜೆ ಜಗುಲಿಯಲ್ಲಿ ಕೂತು ಟೇಪ್ ಒರೆಸಿದೆ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್.

ಕ್ಯಾಸೆಟ್ ಕವಚಿ ಹಾಕಿದರೆ ಐದು ಸ್ಕ್ರೂ. ಬಿಚ್ಚಿ, ಹಾಗೇ ಒತ್ತಿ ಹಿಡಿದು ಮತ್ತೆ ನೆಟ್ಟಗೆ ಮಾಡಿ ಮೇಲಿನ ಭಾಗ ಎತ್ತಬೇಕು. ಇಲ್ಲಾಂದ್ರೆ ಒಳಗಿನ ಸ್ಪ್ರಿಂಗ್ ಜಗುಲಿಯಿಂದ ಅಂಗಳಕ್ಕೆ ಹಾರುತ್ತದೆ. (ಹಾರಿತು. ಟಾರ್ಚ್ ಹಿಡಿದು ಕೆಸರಲ್ಲಿ ಹುಡುಕಿದೆ. ಸಿಗಲಿಲ್ಲ. ಬೇರೆ ಕ್ಯಾಸೆಟ್ಟಿನದು ಹಾಕಿದೆ.) ರೀಲಿನ ಹಲ್ಲಿಗೆ ಕೂರುವ ಹಾಗೆ ಮರದ ತುಂಡು ಕೆತ್ತಿಕೊಂಡು, ಅದರಿಂದ ಒಂದು ಕೈಯಲ್ಲಿ ನಿಧಾನ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ನಯವಾದ ಬಟ್ಟೆಯ ನಡುವೆ ಟೇಪ್ ಹಾಯಿಸುವುದು. ಮೂರು ಗಂಟೆಯ ಕ್ಯಾಸೆಟ್ ಅಂದರೆ ಒಳಗೆ ಸುಮಾರು 258 ಮೀಟರ್ ಟೇಪ್ ಇರುತ್ತದೆ. ಅಗಲ ಅರ್ಧ ಇಂಚು. ಬಟ್ಟೆಯ ಮೇಲೆ ಮೊದಲು ಬೂದಿ ಬಣ್ಣ, ಆಮೇಲೆ ಕಂದು. ಕಂದು ಕಂಡ ಕೂಡಲೇ ಕೈ ಸಡಿಲ ಮಾಡಬೇಕು, ಯಾಕಂದರೆ ಆ ಕಂದೇ ಸಿನಿಮಾ. ಪದರ ಕಿತ್ತು ಬಂದರೆ ಅಷ್ಟು ಚಿತ್ರ ಬಟ್ಟೆಗೆ ಹೋಯಿತು ಅಂತ ಲೆಕ್ಕ.

ಅಪ್ಪ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಏನೇ ಇದು, ಶಾವಿಗೆ ಒತ್ತಿದ ಹಾಗೆ?" ಅಂದು ಒಳಗೆ ಹೋದರು.

ಜುಲೈ, ಮೂರನೇ ವಾರ

ಈಗ ಮೆಷಿನ್. ಮೆಣಸಿನ ದುಡ್ಡಿನಲ್ಲಿ ಅಪ್ಪ ತಂದಿದ್ದ ವಿಸಿಪಿ, ಅಂದರೆ ವಿಡಿಯೊ ಕ್ಯಾಸೆಟ್ ಪ್ಲೇಯರ್. ರೆಕಾರ್ಡ್ ಇಲ್ಲ, ಬರೀ ಪ್ಲೇ. ಅದಕ್ಕೂ ಮೊದಲು ಗಣಪತಿ ಹಬ್ಬಕ್ಕೆ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ಸೇರಿಸಿ ಒಂದು ರಾತ್ರಿಗೆ ಬಾಡಿಗೆ ತರುತ್ತಿದ್ದೆವು. ಕೊಟ್ಟ ದುಡ್ಡು ದಂಡವಾಗಬಾರದು ಅಂತ ಬೆಳಗಿನ ಜಾವದವರೆಗೂ ನೋಡುತ್ತಿದ್ದೆವು. ಮೂರನೇ ಸಿನಿಮಾ ಯಾವುದು ಅಂತ ಯಾರಿಗೂ ನೆನಪಿರುತ್ತಿರಲಿಲ್ಲ.

ಮುಚ್ಚಳ ತೆಗೆದೆ. ರಬ್ಬರ್ ಬೆಲ್ಟ್ ಕರಗಿ ಕರಿ ಅಂಟಾಗಿದೆ. ಹಲಸಿನ ಮೇಣವೇ. ಎಣ್ಣೆ ಹಚ್ಚಿ ಬಿಡಿಸೋಣ ಅನ್ನಿಸುತ್ತೆ, ಹಚ್ಚಬಾರದು. ಅಲ್ಲಿ ಎಣ್ಣೆ ತಾಕಿದರೆ ಹೊಸ ಬೆಲ್ಟ್ ಜಾರುತ್ತದೆ. ಆಲ್ಕೋಹಾಲ್ ಹಾಕಿ, ಹಲ್ಲುಕಡ್ಡಿಯಲ್ಲಿ ಕೆರೆದು ಕೆರೆದು ತೆಗೆದೆ.

ಹೊಸ ಬೆಲ್ಟ್‌ಗೆ ಚಿಕ್ಕಮಗಳೂರು ಪೇಟೆ ಸುತ್ತಿದೆ. ಒಂದು ಅಂಗಡಿಯಲ್ಲಿ "ವಿಸಿಪಿ ಅಂದ್ರೆ ಏನು ಮೇಡಂ?" ಅಂದರು. ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು, ಅವನ ತಪ್ಪಲ್ಲ. ಜಪಾನಿನಲ್ಲಿ ಕೊನೆಯ ಕಂಪನಿ ಈ ಮೆಷಿನ್ ಮಾಡುವುದನ್ನು ನಿಲ್ಲಿಸಿದ್ದೇ 2016ರಲ್ಲಿ. ಕೊನೆಗೆ ಬಸವನಹಳ್ಳಿ ಕಡೆ ಒಬ್ಬ ಹಳೇ ಟಿವಿ ಮೆಕ್ಯಾನಿಕ್ ಡ್ರಾಯರ್ ತುಂಬ ಬೆಲ್ಟ್ ಇಟ್ಟುಕೊಂಡು ಕೂತಿದ್ದರು. ಹಳೇ ಬೆಲ್ಟಿನ ಅಳತೆಗೆ ನಾನು ದಾರ ಒಯ್ದಿದ್ದೆ. ಅವರು ದಾರ ನೋಡಲೇ ಇಲ್ಲ, ಮಾಡೆಲ್ ನಂಬರ್ ಕೇಳಿ ಒಂದನ್ನು ಎತ್ತಿ ಕೊಟ್ಟರು. ಸರಿಯಾಗಿ ಕೂತಿತು. "ಹೆಡ್ ಒರೆಸುವಾಗ ಹತ್ತಿ ಹಾಕ್ಬೇಡಮ್ಮ, ಎಳೆ ಸಿಕ್ಕೊಂಡು ಕಿತ್ತು ಬರುತ್ತೆ" ಅಂತ ಬುದ್ಧಿಯನ್ನೂ ಹೇಳಿದರು. ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ ಅದು. ಅದರ ಮೇಲಿನ, ಟೇಪ್ ಓದುವ ಹೆಡ್ ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣದು.

ಜುಲೈ, ಕೊನೇ ಭಾನುವಾರ

ಚಿತ್ರ ಬಂತು!

ಮೊದಲ ಸಲ, ವಿಸಿಪಿಯ ಚಿತ್ರವನ್ನು ಕಂಪ್ಯೂಟರಿಗೆ ಕಳಿಸುವ ಯುಎಸ್‌ಬಿ ಡಬ್ಬಿಯಲ್ಲಿ ನೇರ ಇಳಿಸಿದೆ. ಪರದೆಯ ಮೇಲ್ತುದಿ ಗಾಳಿಗೆ ಬಾಗಿದ ಅಡಿಕೆ ಮರದ ಹಾಗೆ ಓಲಾಡುತ್ತಿತ್ತು, ಅರ್ಧ ಗಂಟೆ ಆಗುವಷ್ಟರಲ್ಲಿ ತುಟಿಗೂ ಮಾತಿಗೂ ತಾಳೆ ತಪ್ಪಿತು. ಭಾವನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಡಿವಿಡಿ ರೆಕಾರ್ಡರ್ ತಂದು ನಡುವೆ ಸೇರಿಸಿದೆ. ರೆಕಾರ್ಡ್ ಮಾಡುವುದಕ್ಕಲ್ಲ, ಸುಮ್ನೆ ಅದರೊಳಗಿಂದ ಹಾಯಿಸುವುದಕ್ಕೆ. ಟೇಪಿನಿಂದ ಅಡ್ಡಾದಿಡ್ಡಿ ಬರುವ ಗೆರೆಗಳನ್ನು ಅದು ಸಾಲಾಗಿ ನಿಲ್ಲಿಸಿ ಮುಂದೆ ಕಳಿಸುತ್ತದೆ. ಎರಡೂ ತೊಂದರೆ ಹೋದವು.

ಎರಡನೇ ಸಲ ಒಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಮೂರನೇ ಸಲವೂ ಹೋಯಿತು. ನಾಲ್ಕನೇ ಸಲಕ್ಕೆ ಯುಪಿಎಸ್ ಸಾಲ ತಂದೆ. ಅವತ್ತು ಕರೆಂಟ್ ಹೋಗಲೇ ಇಲ್ಲ.

ಚಿತ್ರ ಹೇಗಿದೆ? ಕೆಟ್ಟದಾಗಿದೆ. ಸಿನಿಮಾದವರು ಅಷ್ಟು ದೂರ ನೇಪಾಳಕ್ಕೆ ಹೋಗಿ ಶೂಟಿಂಗ್ ಮಾಡಿದ್ದಾರೆ, ನಮ್ಮ ಟೇಪಲ್ಲಿ ಅದು ಕಠ್ಮಂಡುವೋ ಕೊಟ್ಟಿಗೆಹಾರವೋ ಗೊತ್ತಾಗಲ್ಲ, ಎಲ್ಲ ಒಂದೇ ಮಂಜು. ಸಿನಿಮಾ ಹೇಗಿದೆ? ಹೊಡೆದಾಟದಲ್ಲಿ ಏಟು ಎಲ್ಲೋ, ಸದ್ದು ಎಲ್ಲೋ. ಕೆಲವು ಕಡೆ ಫಾರ್ವರ್ಡ್ ಒತ್ತುವ ಆಸೆಯಾಯಿತು. ಆದರೆ ರಾಜ್ ಕೋಟು ಹಾಕಿ ನಡೆದು ಬರುವಾಗ ಆ ಕೋಟು ಬಾಡಿಗೆಯದ್ದು ಅನ್ನಿಸುವುದಿಲ್ಲ. ಪಂಚೆಯಷ್ಟೇ ಸಲೀಸು. ಚಿಕ್ಕವಳಿದ್ದಾಗ ಪಿಸ್ತೂಲು ನೋಡುತ್ತಿದ್ದೆ, ಈಗ ನಡಿಗೆ ನೋಡಿದೆ.

ಆದರೆ ಹಾಡು ಬಂದಾಗ ಏನೋ ಸರಿ ಇಲ್ಲ ಅನ್ನಿಸಿತು. ದನಿ ತೆಳು. ಹೊಸ ಬೆಲ್ಟ್ ಬಿಗಿಯಾಗಿ ಜಾಸ್ತಿ ಸ್ಪೀಡ್ ಓಡುತ್ತಿದೆ ಅಂದುಕೊಂಡು ಮತ್ತೆ ಮೆಷಿನ್ ಬಿಚ್ಚಿದೆ. ಒಂದು ಸಂಜೆ ದಂಡ. ಇದರಲ್ಲಿ ಬೆಲ್ಟಿನ ಕೆಲಸ ಕ್ಯಾಸೆಟ್ ಒಳಗೆಳೆದುಕೊಳ್ಳುವುದು, ರೀಲು ಸುತ್ತುವುದು ಅಷ್ಟೇ. ಪ್ಲೇ ಸ್ಪೀಡ್ ನೋಡಿಕೊಳ್ಳುವುದು ಬೇರೆ ಮೋಟರು. ಅದು ಟೇಪಿನ ಅಂಚಿನಲ್ಲಿ ಬರೆದಿರುವ ಸಿಗ್ನಲ್ ಓದಿ ಅದಕ್ಕೆ ಸರಿಯಾಗಿ ಓಡುತ್ತದೆ. ಬೆಲ್ಟ್ ಯಾವ ಅಳತೆಯದ್ದಾದರೂ ದನಿ ಬದಲಾಗುವುದಿಲ್ಲ.

ಆಗಸ್ಟ್, ಮೊದಲ ವಾರ

ಕಳ್ಳ ಸಿಕ್ಕ.

ಮೊಬೈಲಿನಲ್ಲಿ ಅದೇ ಹಾಡಿನ ಆಡಿಯೊ ಹಾಕಿ ಒಟ್ಟಿಗೆ ಓಡಿಸಿದೆ. ಒಂದು ಚರಣ ಮುಗಿಯುವಷ್ಟರಲ್ಲಿ ಟೇಪು ಮುಂದೆ. ಅತ್ತಿಗೆ ಸಂಗೀತ ಕಲಿತವರು. ಹಾರ್ಮೋನಿಯಂ ತಂದು ಕೂತರು. ಎರಡನ್ನೂ ಹಿಡಿದು ನೋಡಿ, "ಶ್ರುತಿ ಅರ್ಧ ಮನೆಗೆ ಸ್ವಲ್ಪ ಕಮ್ಮಿ ಏರಿದೆ" ಅಂದರು.

ಲೆಕ್ಕ ಹಾಕಿದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಆಗ ನಮ್ಮ ದೇಶದ ಟಿವಿ, ವಿಡಿಯೊ ಎಲ್ಲ ಪಾಲ್ ಪದ್ಧತಿ, ಸೆಕೆಂಡಿಗೆ 25. ಕ್ಯಾಸೆಟ್ ಮಾಡುವವರು ಆ ಒಂದು ಫ್ರೇಮಿಗೆ ತಲೆ ಕೆಡಿಸಿಕೊಳ್ಳದೆ ಇಡೀ ಸಿನಿಮಾವನ್ನೇ 25ಕ್ಕೆ ಓಡಿಸಿ ತುಂಬಿಬಿಡುತ್ತಿದ್ದರು. ಶೇಕಡ 4ರಷ್ಟು ಜೋರು. ಎರಡೂವರೆ ಗಂಟೆಯ ಸಿನಿಮಾ ಎರಡು ಗಂಟೆ 24 ನಿಮಿಷಕ್ಕೆ ಮುಗಿಯುತ್ತದೆ. ಕಣ್ಣಿಗೆ ಗೊತ್ತೇ ಆಗಲ್ಲ. ದನಿ ಮಾತ್ರ ಮೇಲೇರುತ್ತದೆ. ಅಂದರೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ಹಾಡಿದ ಅಣ್ಣಾವ್ರು ನಿಜವಾದ ಅಣ್ಣಾವ್ರಿಗಿಂತ ಒಂದಿಷ್ಟು ಅವಸರದವರು.

ಸರಿಪಡಿಸುವುದು ಕಷ್ಟವಿಲ್ಲ. ಚಿತ್ರವನ್ನು 24ಕ್ಕೆ ಇಳಿಸಿ, ಆಡಿಯೊಗೆ ಸೆಕೆಂಡಿಗೆ 48,000 ಸ್ಯಾಂಪಲ್ ಇದೆ ಅಂತ ಬರೆದಿರುವ ಕಡೆ 46,080 ಅಂತ ಸುಳ್ಳು ಹೇಳಿದರೆ ಸಾಕು. ದನಿ ತನ್ನಷ್ಟಕ್ಕೆ ಕೆಳಗಿಳಿದು ಕೂರುತ್ತದೆ. ಎದೆಯಿಂದ ಬರುವ ಆ ದಪ್ಪ ಮರಳಿ ಬಂತು. ಹೆಡ್‌ಫೋನ್ ಹಾಕಿ ಹಾಡನ್ನು ಆರು ಸಲ ಕೇಳಿದೆ.

ಆಗಸ್ಟ್, ಎರಡನೇ ಶನಿವಾರ

ಅಪ್ಪನಿಗೆ ತೋರಿಸಿದ ದಿನ. 24ರದ್ದನ್ನೇ ಹಾಕಿದೆ. ಕಾಫಿ ಲೋಟ ಹಿಡಿದು ಚೆನ್ನಾಗಿಯೇ ನೋಡುತ್ತಿದ್ದರು. ಓಡುವ ಜಾಹೀರಾತು ಬಂದಾಗ ನಕ್ಕರು, ಆ ಅಂಗಡಿ ಮುಚ್ಚಿ ಕಾಲವಾಯಿತಂತೆ. ಹಾಡು ಬಂತು. ಲೋಟ ಕೆಳಗಿಟ್ಟರು.

"ಯಾಕೋ ಅಣ್ಣಾವ್ರು ಸುಸ್ತಾಗಿದ್ದಾರಲ್ಲೇ?"

ವಿವರಿಸಿದೆ. ಫ್ರೇಮು, ಪಾಲ್, ಶೇಕಡ 4, ಅರ್ಧ ಮನೆ ಎಲ್ಲ. ತಾಳ್ಮೆಯಿಂದ ಕೇಳಿಸಿಕೊಂಡರು. "1978ರಲ್ಲಿ ಟಾಕೀಸಲ್ಲಿ ನೋಡಿದಾಗ ನೀವು ಕೇಳಿದ್ದು ಇದೇ ದನಿ ಅಪ್ಪ" ಅಂದೆ.

"ಟಾಕೀಸಲ್ಲಿ ನೋಡಿದ್ದು ಒಂದು ಸಲ. ಇದರಲ್ಲಿ ಮೂವತ್ತು ಸಲ ನೋಡಿದ್ದೀನಿ. ಮುಂಚಿನದ್ದೇ ಹಾಕು."

ಹಾಕಿದೆ. ಹಾಡಿನ ಜೊತೆ ಅವರೂ ಸಣ್ಣಗೆ ದನಿಗೂಡಿಸಿದರು. ಅತ್ತಿಗೆ ನನ್ನ ಕಡೆ ನೋಡಿ ಎರಡು ಬೆರಳು ಸ್ವಲ್ಪವೇ ಅಗಲಿಸಿ ಮೇಲಕ್ಕೆ ತೋರಿಸಿದರು. ಅಪ್ಪನ ಶ್ರುತಿ ಟೇಪಿನದ್ದೇ.

ಈಗ ಹಾರ್ಡ್ ಡಿಸ್ಕಿನಲ್ಲಿ ಎರಡು ಫೈಲ್ ಇವೆ. ಒಂದರ ಹೆಸರು '24', ಇನ್ನೊಂದರ ಹೆಸರು 'ಅಪ್ಪ'. ಎರಡನೆಯದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿ ಹಿಂದೆ ಚುಚ್ಚಿದ್ದೇನೆ. ಮುಂದಿನ ವಾರ ದೊಡ್ಡಮ್ಮನ ಮಗಳ ಮದುವೆ ಕ್ಯಾಸೆಟ್. ಅದು ಕ್ಯಾಮೆರಾದಲ್ಲೇ 25ಕ್ಕೆ ತೆಗೆದಿದ್ದು, ಶ್ರುತಿಯ ತಕರಾರಿಲ್ಲ. ಬೂಷ್ಟು ಮಾತ್ರ ಇದಕ್ಕಿಂತ ಜಾಸ್ತಿ. ಅಕ್ಕಿ ಡಬ್ಬಕ್ಕೆ ಹಾಕಿಟ್ಟಿದ್ದೇನೆ.